ಕೈ ಬದಲಾದ ಕಾರಿನ ಮೊದಲ ಸಾವಿರ ಕಿಲೋಮೀಟರ್

ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ವಾರದಲ್ಲೇ ಹೆಚ್ಚಿನವರು ಮಾಡಿಸುವ ಕೆಲಸ ಮೂರು: ಸೀಟ್ ಕವರ್, ಟಚ್‌ಸ್ಕ್ರೀನ್ ಸ್ಟೀರಿಯೊ, ಟೆಫ್ಲಾನ್ ಕೋಟಿಂಗ್. ಈ ಮೂರರಿಂದ ಕಾರು ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಆ ದುಡ್ಡು ಮೊದಲು ಹೋಗಬೇಕಾದದ್ದು ಬಾನೆಟ್ ಕೆಳಕ್ಕೆ ಮತ್ತು ಚಕ್ರಗಳ ಹಿಂದಕ್ಕೆ. ಮಾರಿದವರು "ಈಗಷ್ಟೇ ಸರ್ವಿಸ್ ಆಗಿದೆ ಸಾರ್" ಅಂದಿರಬಹುದು. ಬಿಲ್ ಕೈಗೆ ಬಂದಿಲ್ಲವೆಂದರೆ ಸರ್ವಿಸ್ ಆಗಿಲ್ಲ ಅಂತಲೇ ಲೆಕ್ಕ. ಇವತ್ತು ಓಡೋಮೀಟರಿನಲ್ಲಿ ಇರುವ ಅಂಕಿಯನ್ನು ಸೊನ್ನೆ ಎಂದು ಬರೆದುಕೊಂಡು, ಅಲ್ಲಿಂದ ಹೊಸ ಲೆಕ್ಕ ಶುರು ಮಾಡಬೇಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು 2014–16ರ ಪೆಟ್ರೋಲ್ ಸ್ವಿಫ್ಟ್: 1.2 ಲೀಟರಿನ ಕೆ ಸರಣಿ ಎಂಜಿನ್, ಮೀಟರಿನಲ್ಲಿ ಎಪ್ಪತ್ತೆಂಬತ್ತು ಸಾವಿರ. ಡಿಜೈರ್, ರಿಟ್ಜ್‌ಗಳಿಗೂ ಇದೇ ಎಂಜಿನ್ ಇರುವುದರಿಂದ ಹೆಚ್ಚಿನದೆಲ್ಲ ಅವಕ್ಕೂ ಸರಿಹೊಂದುತ್ತದೆ.

ಕಾಗದದ ಕೆಲಸ ಬೇಸರದ್ದು, ಆದರೆ ಇದಕ್ಕೆ ಗಡುವಿದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ, ಅದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಬೇಕಾದದ್ದು ಫಾರಂ 29 ಮತ್ತು 30. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಜೊತೆಗೆ ಫಾರಂ 35 ಕೂಡ. ಸಾಲ ತೀರಿ ವರ್ಷಗಳಾಗಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೆ ಬಿಟ್ಟವರು ಬಹಳ. ಹಣ ಪೂರ್ತಿ ಕೊಡುವ ಮೊದಲೇ ಇದನ್ನು ನೋಡಬೇಕು, ಆಮೇಲೆ ಮಾರಿದವರು ಫೋನ್ ಎತ್ತುವುದಿಲ್ಲ. ಹೊರ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ, ಕರ್ನಾಟಕದ ಜೀವಿತಾವಧಿ ತೆರಿಗೆ, ಹೊಸ ನಂಬರು ಎಲ್ಲವೂ ಬರುತ್ತವೆ. ದೆಹಲಿಯ ಕಾರು ಅಗ್ಗವಾಗಿ ಕಾಣುವುದು ಈ ಮೊತ್ತ ಸೇರಿಸುವವರೆಗೆ ಮಾತ್ರ.

ವಿಮೆಯನ್ನು ಮರೆಯುವವರು ಇನ್ನೂ ಹೆಚ್ಚು. ಆರ್‌ಸಿ ನಿಮ್ಮ ಹೆಸರಿಗೆ ಬಂದು ಪಾಲಿಸಿ ಹಳಬರ ಹೆಸರಿನಲ್ಲೇ ಉಳಿದಿದ್ದರೆ, ಕಾರು ಗುದ್ದಿಸಿಕೊಂಡ ದಿನ ಸ್ವಂತ ಹಾನಿಯ ಕ್ಲೇಮು ಕೈಗೆ ಬರುವುದು ಕಷ್ಟ. ಗಾಡಿ ಕೈಸೇರಿದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಕ್ಲೇಮು ಮಾಡದಿದ್ದದ್ದಕ್ಕೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಗಾಡಿಯದಲ್ಲ, ಮಾಲೀಕರದು. ಅದು ಹಳಬರ ಜೊತೆ ಹೋಗುತ್ತದೆ, ಉಳಿದ ಅವಧಿಯ ವ್ಯತ್ಯಾಸವನ್ನು ನೀವು ಕಟ್ಟಬೇಕು. ಹಳೆಯ ಫಾಸ್ಟ್ಯಾಗನ್ನು ಮಾರಿದವರಿಂದಲೇ ಮುಚ್ಚಿಸದಿದ್ದರೆ ನಿಮ್ಮ ನಂಬರಿಗೆ ಹೊಸದು ಸಿಗುವುದಿಲ್ಲ. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಓಡೋಮೀಟರ್ ಅಂಕಿಯನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಬೆಳಗ್ಗೆ ಸಿಗ್ನಲ್ ಹಾರಿದವರು ಯಾರು, ಸಂಜೆ ಹಾರಿದವರು ಯಾರು ಎಂಬ ಜಗಳ ಕ್ಯಾಮೆರಾ ದಂಡ ಬಂದಾಗ ಏಳುತ್ತದೆ.

ಇನ್ನು ಗಾಡಿ. ಸ್ಪ್ಯಾನರ್ ಹಿಡಿಯುವ ಮೊದಲು ಕಾರು ಎಲ್ಲಿ ಬಾಳಿತ್ತು ಅಂತ ತಿಳಿದುಕೊಂಡರೆ ಅರ್ಧ ಕೆಲಸ ಹಗುರ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಪ್ಪತ್ತು ಸಾವಿರ ಓಡಿದ ಗಾಡಿಯ ಕ್ಲಚ್ ಪ್ಲೇಟು, ಹುಬ್ಬಳ್ಳಿ–ಪುಣೆ ಹೈವೇಯಲ್ಲಿ ಒಂದೂವರೆ ಲಕ್ಷ ಓಡಿದ ಗಾಡಿಯದಕ್ಕಿಂತ ಹೆಚ್ಚು ಸವೆದಿರಬಹುದು. ಮಂಗಳೂರು, ಉಡುಪಿ ಕಡೆಯದಾದರೆ ಉಪ್ಪುಗಾಳಿ, ಮಳೆ. ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಇಡುವ ಗುಂಡಿ, ಸೈಲೆನ್ಸರ್ ಜೋಡಣೆ, ಹಿಂದಿನ ಸ್ಪ್ರಿಂಗ್ ಕೂರುವ ಜಾಗಗಳಿಗೆ ಟಾರ್ಚ್ ಬಿಟ್ಟು ನೋಡಬೇಕು. ಮೇಲಿನ ಅಂಡರ್‌ಕೋಟಿಂಗ್ ನೋಡಿ ಸಮಾಧಾನಪಡಬೇಡಿ, ತುಕ್ಕಿನ ಮೇಲೆ ಬಳಿದ ಕಪ್ಪು ಡಾಂಬರು ತುಕ್ಕನ್ನು ಮುಚ್ಚಿಡುತ್ತದೆ ಅಷ್ಟೇ. ಬಳ್ಳಾರಿ, ಸಂಡೂರಿನ ಕೆಂಧೂಳು ಕುಡಿದ ಕಾರಿನಲ್ಲಿ ಏರ್ ಫಿಲ್ಟರ್ ಡಬ್ಬಿಯೊಳಗೆ, ಫಿಲ್ಟರ್ ದಾಟಿದ ಬದಿಯಲ್ಲಿ ಬೆರಳಾಡಿಸಿ. ಅಲ್ಲಿ ಧೂಳು ಸಿಕ್ಕರೆ ಅದು ಎಂಜಿನ್ನಿನೊಳಕ್ಕೂ ಹೋಗಿದೆ. ಕೊಡಗು, ಚಿಕ್ಕಮಗಳೂರಿನ ಕಾರಿಗೆ ಬ್ರೇಕೂ ಕ್ಲಚ್ಚೂ ಮೊದಲು. ನಂಬರ್ ಪ್ಲೇಟು ಒಂದನ್ನೇ ನಂಬುವಂತಿಲ್ಲ. ರಾಜ್ಯದೊಳಗೆ ಮಾಲೀಕರು ಬದಲಾದರೂ ನಂಬರು ಅದೇ ಉಳಿಯುತ್ತದೆ, ಹಾಗಾಗಿ ಉಡುಪಿಯ ಕೆಎ 20 ಕಾರು ಹತ್ತು ವರ್ಷ ಕಲಬುರಗಿಯಲ್ಲೇ ಇದ್ದಿರಬಹುದು.

ಮೊದಲ ದಿನದ ಮೊದಲ ಪರೀಕ್ಷೆಗೆ ಉಪಕರಣವೇ ಬೇಡ. ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಡ್ಯಾಶ್‌ಬೋರ್ಡ್ ನೋಡಿ. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್, ಆಯಿಲ್ ದೀಪಗಳು ಆ ಮಾಡೆಲಿನಲ್ಲಿ ಇರುವಷ್ಟೂ ಹೊತ್ತಬೇಕು, ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಎಲ್ಲವೂ ಆರಬೇಕು. ಹೊತ್ತಿಯೇ ಉಳಿದ ದೀಪ ಕೆಟ್ಟದ್ದು, ಹೊತ್ತದೇ ಇರುವ ದೀಪ ಅದಕ್ಕಿಂತ ಕೆಟ್ಟದ್ದು. ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಏರ್‌ಬ್ಯಾಗ್ ದೀಪದ ವಿಷಯದಲ್ಲಿ ಇದು ತಮಾಷೆಯಲ್ಲ. ಜೊತೆಗೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಒಂದು ಸಣ್ಣ ಒಬಿಡಿ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲಿ ಓದಿ. ಕೋಡ್ ಏನೂ ಇಲ್ಲ ಅಂತ ಬಂದರೆ ಅಲ್ಲಿಗೇ ನಿಲ್ಲದೆ "ರೆಡಿನೆಸ್ ಮಾನಿಟರ್" ಪುಟ ತೆರೆಯಿರಿ. ಹೆಚ್ಚಿನವು "ನಾಟ್ ರೆಡಿ" ಎಂದಿದ್ದರೆ, ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಎಂದರ್ಥ. ನೂರಿನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿದರೆ ಅಡಗಿದ್ದದ್ದು ತಾನಾಗಿ ತಲೆಯೆತ್ತುತ್ತದೆ.

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮೂರನ್ನೂ ಮೊದಲ ವಾರದಲ್ಲೇ ಬದಲಿಸಿ. ಈ ಎಂಜಿನ್ನಿಗೆ ಫಿಲ್ಟರ್ ಸೇರಿ 3 ಲೀಟರಿನ ಆಸುಪಾಸು ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವುದು ಮೂರೂವರೆ ಲೀಟರ್ ಕ್ಯಾನು, ತಂದವರು ಉಳಿಸುವುದೇಕೆಂದು ಪೂರ್ತಿ ಸುರಿಯುತ್ತಾರೆ. ಎಣ್ಣೆ ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ಸೀಲುಗಳು ಒಸರುತ್ತವೆ. ಮೊದಲು 2.8 ಲೀಟರ್ ಸುರಿದು, ಎರಡು ನಿಮಿಷ ಓಡಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ಎಣ್ಣೆ ಅಳೆಯುವ ಕಡ್ಡಿ ನೋಡುತ್ತ ಸ್ವಲ್ಪ ಸ್ವಲ್ಪ ಸೇರಿಸಿ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದೇ ಇರಲಿ. ಬೋಲ್ಟನ್ನು ಗಾಳಿ ಗನ್ನಿನಿಂದ ಬಿಗಿಯಲು ಬಿಡಬೇಡಿ, ಎಣ್ಣೆ ನಿಲ್ಲುವ ಸಂಪಿನ ಥ್ರೆಡ್ ಹೋದರೆ ಹತ್ತು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ. ಇಳಿಸಿದ ಹಳೇ ಎಣ್ಣೆಯನ್ನು ಒಂದು ಬಾಟಲಿಗೆ ಅಳೆಯಿರಿ. ಒಂದೂವರೆ ಲೀಟರೇ ಇಳಿದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ ಅಥವಾ ಎಲ್ಲೋ ಸೋರುತ್ತಿದೆ ಎಂಬ ಸುದ್ದಿ ಅಲ್ಲೇ ಸಿಕ್ಕಿತು. ಟೈಮಿಂಗ್ ಬೆಲ್ಟ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಕೆ ಸರಣಿಯಲ್ಲಿರುವುದು ಚೈನು.

ಎಂಜಿನ್ ತಂಪಾಗಿಡುವ ಕೂಲೆಂಟ್ ಬಗ್ಗೆ ನಮ್ಮ ಕಡೆ ಇರುವ ಅಸಡ್ಡೆ ಹೇಳತೀರದು. ಟ್ಯಾಂಕಿನಲ್ಲಿ ಮಟ್ಟ ಕೆಳಗಿಳಿದಿತ್ತು, ಬೋರ್‌ವೆಲ್ ನೀರು ಹಾಕಿದರು, ಮುಗಿಯಿತು. ಕೋಲಾರ, ಚಿತ್ರದುರ್ಗ, ಬೆಂಗಳೂರಿನ ಹೊರವಲಯದ ಗಡಸು ನೀರು ಮನೆಯ ಗೀಸರ್‌ಗೆ ಏನು ಮಾಡುತ್ತದೋ ರೇಡಿಯೇಟರಿಗೂ ಅದನ್ನೇ ಮಾಡುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬಣ್ಣ ಹಸಿರೋ ನೀಲಿಯೋ ಆಗಿರುವ ಬದಲು ಕೆಸರಿನಂತಿದ್ದರೆ ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಬಿಸಿಯಾಗುವವರೆಗೆ ಓಡಿಸಿ, ಆರಿದ ಮೇಲೆ ಮತ್ತೆ ಇಳಿಸಬೇಕು. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಬೇಕಾಗುತ್ತದೆ. ಹೊಸದು ತುಂಬುವಾಗ ಡಬ್ಬಿ ಓದಿ: ರೆಡಿಮಿಕ್ಸ್ ಆದರೆ ನೀರು ಬೆರೆಸಬಾರದು, ಗಟ್ಟಿ ದ್ರಾವಣವಾದರೆ ಅದರಲ್ಲಿ ಹೇಳಿದ ಪ್ರಮಾಣ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿದರೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಮರುದಿನ ಬೆಳಗ್ಗೆ ಮಟ್ಟ ಇಳಿದಿರುತ್ತದೆ, ಗಾಬರಿ ಬೇಡ, ಸೇರಿಸಿ. ಮೂರನೇ ದಿನವೂ ಇಳಿಯುತ್ತಿದ್ದರೆ ಗಾಬರಿಪಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲದೆ ಕೂಲೆಂಟ್ ಬೇಗ ಕುದಿಯುತ್ತದೆ. ಮುಚ್ಚಳ ಅಗ್ಗ, ಸಂಶಯವಿದ್ದರೆ ಹೊಸದೇ ಹಾಕಿಬಿಡಿ.

ಗೇರ್ ಆಯಿಲ್ ಬದಲಿಸಲು ಹೋದಾಗ ಒಂದೇ ಎಚ್ಚರ: ತುಂಬುವ ಬೋಲ್ಟ್ ಬಿಚ್ಚುತ್ತದೆ ಅಂತ ಖಾತ್ರಿಯಾಗುವವರೆಗೆ ಇಳಿಸುವ ಬೋಲ್ಟನ್ನು ಮುಟ್ಟಬಾರದು. ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ ಟೋ ಗಾಡಿಯೇ ಗತಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೆ ಬದಲಿಸಬೇಕಾದದ್ದನ್ನು ಹತ್ತು ವರ್ಷವಾದರೂ ಬದಲಿಸದ ಗಾಡಿಗಳೇ ಹೆಚ್ಚು. ಊರೊಳಗೆ ಇದು ಗೊತ್ತಾಗುವುದಿಲ್ಲ. ಚಾರ್ಮಾಡಿಯೋ ಆಗುಂಬೆಯೋ ಇಳಿಯುವಾಗ ಪದೇ ಪದೇ ಬ್ರೇಕ್ ತುಳಿದು ಎಣ್ಣೆ ಕಾದಾಗ ಅದರೊಳಗಿನ ನೀರು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಬುಡಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮುಚ್ಚಳದ ಮೇಲೆ ಬರೆದಿರುವ ಡಾಟ್ ದರ್ಜೆಯದನ್ನೇ, ಸೀಲ್ ಒಡೆಯದ ಡಬ್ಬಿಯಿಂದ, ಒಂದು ಲೀಟರ್ ತನ್ನಿ. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ತೆರೆದು ಮುಚ್ಚಬೇಕು. ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಒಳಕ್ಕೆ. ಪೈಪಿನಲ್ಲಿ ಗುಳ್ಳೆ ನಿಂತು ಹೊಸ ಎಣ್ಣೆಯ ಬಣ್ಣ ಬರುವವರೆಗೆ ಒಂದೊಂದು ಚಕ್ರಕ್ಕೂ ಮಾಡಿ. ಮೇಲಿನ ಡಬ್ಬಿ ಒಂದು ಸಲವೂ ಖಾಲಿಯಾಗಬಾರದು.

ಅದೇ ಹೊತ್ತಿಗೆ ಮುಂದಿನ ಪ್ಯಾಡುಗಳನ್ನು ಹೊರತೆಗೆದು ಪಕ್ಕಪಕ್ಕ ಇಡಿ. ಒಳಗಿನದು ಸವೆದು ಹೊರಗಿನದು ಹಾಗೇ ಇದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿವೆ. ಹೊಸ ಪ್ಯಾಡ್ ಹಾಕಿದರೂ ಅದೇ ಗತಿಯಾಗುತ್ತದೆ. ಪಿನ್ ಒರೆಸಿ ಬ್ರೇಕಿಗೆಂದೇ ಇರುವ ಗ್ರೀಸ್ ಸವರಬೇಕು, ಗ್ಯಾರೇಜಿನ ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಹಿಂದಿನ ಡ್ರಮ್ ಬಿಚ್ಚಿ ಧೂಳು ತೆಗೆದು ಹೊಂದಿಸಿದರೆ ಹ್ಯಾಂಡ್‌ಬ್ರೇಕೂ ಸರಿಯಾಗುತ್ತದೆ. ಹತ್ತಕ್ಕಿಂತ ಹೆಚ್ಚು ಹಲ್ಲು ಎಳೆಯಬೇಕಾಗುತ್ತಿದ್ದರೆ ಕೇಬಲ್ ಬಿಗಿಯುವ ಮೊದಲು ಡ್ರಮ್ಮಿನೊಳಗೆ ನೋಡಿ.

ಟೈರಿನ ಗೀರು ನೋಡಿ ಚೆನ್ನಾಗಿದೆ ಎನ್ನುವ ಮುಂಚೆ ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2217 ಎಂದರೆ 2017ರ 22ನೇ ವಾರ. ಕಡಿಮೆ ಓಡಿದ ಕಾರಿನಲ್ಲಿ ಗೀರು ತುಂಬ ಉಳಿದು, ರಬ್ಬರ್ ಕಲ್ಲಾಗಿ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಂದಿರುತ್ತದೆ. ಅಂಥದ್ದು ಮಳೆಯಲ್ಲಿ ಜಾರುತ್ತದೆ, ಬೇಸಿಗೆಯ ಹೈವೇಯಲ್ಲಿ ಸಿಡಿಯುತ್ತದೆ. ಆರು ವರ್ಷ ದಾಟಿದ್ದರೆ ಬದಲಿಸುವ ದುಡ್ಡು ಎತ್ತಿಡಿ. ಸ್ಟೆಪ್ನಿಯ ಅಂಕಿಯನ್ನೂ ಓದಿ, ಕಾರಿನಷ್ಟೇ ವಯಸ್ಸಾಗಿರುತ್ತದೆ. ಜಾಕ್, ವೀಲ್ ಸ್ಪ್ಯಾನರ್, ಎಳೆಯುವ ಹುಕ್ ಇವೆಯೇ ಅಂತ ಮನೆಯಂಗಳದಲ್ಲೇ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಪಂಕ್ಚರ್ ಅಂಗಡಿಯವರು ಗನ್ನಿನಿಂದ ಬಿಗಿದ ನಟ್ಟು ಕೈಯ ಸ್ಪ್ಯಾನರಿಗೆ ಜಗ್ಗುವುದಿಲ್ಲ. ಅದು ಶಿರಾಡಿ ಘಾಟಿನಲ್ಲಿ ರಾತ್ರಿ ಗೊತ್ತಾಗುವುದು ಬೇಡ.

ಸದ್ದುಗಳಿಗೆ ಕಿವಿ ಕೊಡಲು ಸ್ಟೀರಿಯೊ ಆಫ್ ಮಾಡಿ, ಕಿಟಕಿ ಇಳಿಸಿ, ಕಾಂಪೌಂಡ್ ಗೋಡೆಯ ಪಕ್ಕ ನಿಧಾನ ಹೋಗಿ. ಗೋಡೆ ಸದ್ದನ್ನು ತಿರುಗಿಸಿ ಕೊಡುತ್ತದೆ. ಸಣ್ಣ ಕಲ್ಲಿನ ರಸ್ತೆಯಲ್ಲಿ "ಕಟಕಟ" ಬಂದರೆ ಹೆಚ್ಚಾಗಿ ಲಿಂಕ್ ರಾಡ್. ಹಂಪ್ ಇಳಿಯುವಾಗ ಒಂದೇ ಸಲ "ಧಡ್" ಎಂದರೆ ಲೋವರ್ ಆರ್ಮ್ ಬುಷ್ ಅಥವಾ ಶಾಕ್ ಅಬ್ಸಾರ್ಬರ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಸ್ಪ್ರಿಂಗ್ "ಟಣ್" ಅಂತ ಹಾರಿದಂತಾದರೆ ಸ್ಟ್ರಟ್ ಮೇಲಿನ ಬೇರಿಂಗ್. ಪೂರ್ತಿ ತಿರುಗಿಸಿ ಹೊರಟಾಗ "ಟಕ್ ಟಕ್ ಟಕ್" ಲೆಕ್ಕ ಹಾಕಿದಂತೆ ಬಂದರೆ ಆಕ್ಸಲಿನ ಹೊರಗಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿರುವುದು ಚಕ್ರದ ಒಳಬದಿಯಲ್ಲಿ ಕಾಣುತ್ತದೆ. ವೇಗದ ಜೊತೆ ಏರುವ "ಗುಂಯ್" ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಎಡಕ್ಕೆ ತಿರುಗುವಾಗ ಜೋರಾದರೆ ಭಾರ ಬಿದ್ದಿರುವ ಬಲಗಡೆಯದು. ಬದಲಾಗದೇ ಇದ್ದರೆ ಟೈರೇ ಇರಬಹುದು, ಮುಂದಿನದನ್ನು ಹಿಂದಕ್ಕೆ ಹಾಕಿ ಸದ್ದು ಜಾಗ ಬದಲಿಸಿತೇ ನೋಡಿ.

ವೀಲ್ ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ. ಸವೆದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಯಂತ್ರದ ಕಾಗದದಲ್ಲಿ ಎಲ್ಲ ಹಸಿರು ಬರುತ್ತದೆ, ಮೊದಲ ಗುಂಡಿಯಲ್ಲೇ ಅದು ಕೆಡುತ್ತದೆ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ, ಎರಡು ದಿನ ಓಡಿಸಿ. ಒಟ್ಟಿಗೆ "ಸಸ್ಪೆನ್ಷನ್ ಫುಲ್" ಬದಲಿಸಿಕೊಟ್ಟರೆ ಸದ್ದು ಯಾವುದರಿಂದ ಹೋಯಿತು, ಯಾವುದು ಸುಮ್ಮನೆ ಬಿಲ್ಲಿಗೆ ಬಂತು ಅಂತ ತಿಳಿಯುವುದೇ ಇಲ್ಲ.

ಕ್ಲಚ್ ಪರೀಕ್ಷೆ ಸುಲಭ. ಖಾಲಿ ರಸ್ತೆಯ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ 40 ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆದ್ದು ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ.

ಬ್ಯಾಟರಿಗೆ ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ಕ್ಕೆ ಬಂದಿದ್ದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಬ್ಯಾಟರಿ ಹೊಸದು, ಚಾರ್ಜಿಂಗ್ ಸರಿ, ಆದರೂ ನಾಲ್ಕು ದಿನ ನಿಂತರೆ ಸ್ಟಾರ್ಟ್ ಆಗುವುದಿಲ್ಲ ಎಂದರೆ ಹಿಂದಿನವರ ಸ್ಟೀರಿಯೊ, ಅಲಾರಂ, ಜಿಪಿಎಸ್ ಟ್ರ್ಯಾಕರ್‌ಗಳ ವೈರ್ ಹುಡುಕಿ. ಎಲ್ಲ ಆಫ್ ಆಗಿ ಅರ್ಧ ಗಂಟೆಯ ನಂತರ ಬ್ಯಾಟರಿಯ ನೆಗೆಟಿವ್ ತಂತಿಯಲ್ಲಿ 50 ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯಬಾರದು. ಟ್ರ್ಯಾಕರ್ ಸಿಕ್ಕರೆ ಬ್ಯಾಟರಿಗಷ್ಟೇ ಅಲ್ಲ, ನಿಮಗೂ ಅದು ಬೇಡ. ಎರಡನೇ ಕೀ ಸಿಗದಿದ್ದರೆ ಹೊಸದು ಮಾಡಿಸುವಾಗಲೇ ಕಳೆದ ಕೀಯ ನೆನಪನ್ನು ಇಮೊಬಿಲೈಸರಿನಿಂದ (ಗುರುತಿಲ್ಲದ ಕೀಗೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸಾಧನ) ಅಳಿಸಲು ಹೇಳಿ.

ಎಡಗಡೆ ಕಾಲಿಡುವ ಕಾರ್ಪೆಟ್ ಒದ್ದೆಯಾಗಿದ್ದರೆ ನೆರೆಯಲ್ಲಿ ಮುಳುಗಿದ ಗಾಡಿ ಅಂತ ಒಮ್ಮೆಲೇ ಎದೆ ಒಡೆದುಕೊಳ್ಳಬೇಡಿ. ಎಸಿ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿರುವುದು ಸಾಮಾನ್ಯ. ಎಸಿ ಹಾಕಿ ಹತ್ತು ನಿಮಿಷವಾದರೂ ಗಾಡಿಯಡಿಗೆ ನೀರು ತೊಟ್ಟಿಕ್ಕದಿದ್ದರೆ ಅದೇ ಕಾರಣ. ಇನ್ನೊಂದು, ವೈಪರ್ ಕೆಳಗಿನ ಜಾಲರಿಯಲ್ಲಿ ಹೊಂಗೆ, ಗುಲ್‌ಮೊಹರ್ ಎಲೆ ಕೊಳೆತು ಮಳೆನೀರು ಒಳಬರುವುದು. ಮುಳುಗಿದ ಗಾಡಿಯ ಗುರುತು ಬೇರೆ: ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ, ಸೀಟಿನಡಿಯ ಬೋಲ್ಟುಗಳಲ್ಲಿ ತುಕ್ಕು, ಫ್ಯೂಸ್ ಬಾಕ್ಸಿನ ಮೂಲೆಯಲ್ಲಿ ಒಣಗಿದ ಮಣ್ಣು. ಎಸಿ ತಂಪು ಕಡಿಮೆಯಾದರೆ "ಗ್ಯಾಸ್ ತುಂಬಿಸೋಣ" ಎನ್ನುವವರಿಗೆ ಲೀಕ್ ಎಲ್ಲಿ ಅಂತ ಮೊದಲು ಕೇಳಿ. ಗ್ಯಾಸ್ ತಾನಾಗಿ ಖರ್ಚಾಗುವುದಲ್ಲ, ಎಲ್ಲೋ ಹೋಗುತ್ತದೆ.

ಇಲಿ ಬಂದುಹೋದ ಗುರುತು ಬಾನೆಟ್ಟಿನ ಒಳಗಿನ ಹೊದಿಕೆಯಲ್ಲಿ, ಏರ್ ಫಿಲ್ಟರ್ ಡಬ್ಬಿಯಲ್ಲಿ ಸಿಗುತ್ತದೆ. ಕಡಿದ ವೈರಿಗೆ ಬರೀ ಟೇಪ್ ಸುತ್ತಿದ್ದರೆ ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಇಲಿ ಮತ್ತೆ ಬರುವುದು ನಿಲ್ಲಿಸುವ ಜಾಗದಿಂದ, ಕಾರಿನಿಂದಲ್ಲ. ಪಕ್ಕದಲ್ಲಿ ಕಸದ ಬುಟ್ಟಿ ಇದ್ದರೆ ಯಾವ ಸ್ಪ್ರೇಯೂ ಉಪಯೋಗಕ್ಕಿಲ್ಲ.

ಪೆಟ್ರೋಲ್ ಬಗ್ಗೆ ಎರಡು ಮಾತು. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ಕ್ಕೆ ಮುಂಚಿನ ಹೆಚ್ಚಿನ ಕಾರುಗಳು ಅದನ್ನು ಮನಸ್ಸಿನಲ್ಲಿಟ್ಟು ಮಾಡಿದವಲ್ಲ. ಮೈಲೇಜ್ ಸ್ವಲ್ಪ ಕುಗ್ಗುತ್ತದೆ, ಅದಕ್ಕಾಗಿ ಎಂಜಿನ್ ಬಿಚ್ಚಿಸಬೇಡಿ. ಆದರೆ ಹಳೆಯ ರಬ್ಬರ್ ಪೈಪುಗಳನ್ನು ಆಗಾಗ ಮುಟ್ಟಿ ನೋಡಿ. ಜೋಡಣೆಯ ಬಳಿ ಒದ್ದೆ, ಬೆಳಗ್ಗೆ ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಕಂಡರೆ ಅವತ್ತೇ ಬದಲಿಸಬೇಕು. ಮೈಲೇಜ್ ಅಳೆಯುವುದು ಒಂದೇ ಬಂಕಿನ ಒಂದೇ ಪಂಪಿನಲ್ಲಿ, ಮೊದಲ ಕಟ್ ಆಗುವವರೆಗೆ ತುಂಬಿಸಿ, ಮೂರು ಟ್ಯಾಂಕಿನ ಸರಾಸರಿಯಲ್ಲಿ. ಮೀಟರ್ ತೋರಿಸುವುದು ಅಂದಾಜು.

ಹೊಸ ಗಾಡಿ ಬಂದ ಮೇಲೆ ಪೂಜೆ ಆಗಲೇಬೇಕು, ಆಗಲಿ. ಆದರೆ ಗ್ರಿಲ್ ತುಂಬ ಕಟ್ಟಿದ ಚೆಂಡುಹೂವಿನ ಹಾರ ಬಿಚ್ಚದೆ ಹೈವೇಗೆ ಇಳಿಯಬೇಡಿ, ರೇಡಿಯೇಟರಿಗೆ ಗಾಳಿ ಬೇಕು. ಆಯುಧಪೂಜೆಯ ಬಾಳೆಕಂದಿಗೂ ಇದೇ ಮಾತು. ಕುಂಕುಮ ಬಣ್ಣಕ್ಕೆ ಹಿಡಿಯುವ ಮೊದಲು ಅವತ್ತೇ ತೊಳೆದುಬಿಡಿ.

ಮೊದಲ ಐನೂರು ಕಿಲೋಮೀಟರ್ ಮನೆಯ ಸುತ್ತಮುತ್ತಲೇ ಓಡಿಸಿ. ಧರ್ಮಸ್ಥಳ, ತಿರುಪತಿಗಳು ಆಮೇಲೆ. ಗ್ಲೋವ್ ಬಾಕ್ಸಿನಲ್ಲಿ ಒಂದು ಪುಟ್ಟ ಡೈರಿ ಇಟ್ಟು ದಿನಾಂಕ, ಓಡೋಮೀಟರ್, ಏನು ಬದಲಿಸಿದ್ದು, ಎಷ್ಟು ಸುರಿದದ್ದು ಬರೆಯಿರಿ. ಚಕ್ರ ಬಿಚ್ಚಿ ಹಾಕಿದ ನಂತರ ನೂರು ಕಿಲೋಮೀಟರಿಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಸಾವಿರ ಕಿಲೋಮೀಟರಿಗೆ ಕಡ್ಡಿ ಮತ್ತೆ ನೋಡಿ: ಎಣ್ಣೆ ಮೇಲಿನ ಗೆರೆಯಲ್ಲೇ ಇದ್ದರೆ ಎಂಜಿನ್ ಒಳ್ಳೆಯದು ಬಿದ್ದಿದೆ. ಅರ್ಧಕ್ಕೆ ಇಳಿದಿದ್ದರೆ, ಬೆಳಗಿನ ಮೊದಲ ಸ್ಟಾರ್ಟಿಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಒಮ್ಮೆ ಬಂದು ನಿಲ್ಲುತ್ತದೆಯೇ ನೋಡಿ. ಹಾಗಿದ್ದರೆ ವಾಲ್ವ್ ಸೀಲ್, ಅದಕ್ಕೆ ಆತುರವಿಲ್ಲ. ಓಡುವಾಗೆಲ್ಲ ಹೊಗೆ ಬರುತ್ತಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಸೀಟ್ ಕವರ್ ಕೊಳ್ಳುವುದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಹಾಕಿ.